ಅಷ್ಟೂರಿನಲ್ಲಿ ನೆಲೆಗೊಂಡ ಪರದೇಶಿಗಳು: ಬಹಮನಿ ಬೀದರ ಮತ್ತು ಹೊರನಾಡಿನ ಕೊನೆಗಾಲ

ಬೀದರ ನಗರದ ಪೂರ್ವಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿರುವ ಅಷ್ಟೂರ ಗ್ರಾಮದ ಗುಮ್ಮಟಗಳನ್ನು ಬಹಮನಿ ಸುಲ್ತಾನರ ಗೋರಿಗಳೆಂದು ಹೇಳುವುದು ರೂಢಿ. ಆ ಮಾತು ಸರಿಯೇ ಆದರೂ ನಗರದಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಎತ್ತರದ ನೆಲದಲ್ಲಿ, ಸುಲ್ತಾನನಲ್ಲದ ಮತ್ತು ಈ ನಾಡಿನಲ್ಲಿ ಹುಟ್ಟದ ಒಬ್ಬನ ಸ್ಮಾರಕವೂ ಇದೆ. ಚೌಖಂಡಿ ಎಂದು ಕರೆಯಲಾಗುವ ಈ ಕಟ್ಟಡವು ಇರಾನಿನ ಕಿರ್ಮಾನ್ ಪ್ರಾಂತದಿಂದ ಬಂದ ಸೂಫಿ ಗುರು ಶಾ ಖಲೀಲುಲ್ಲಾನದೆಂದು ಪ್ರಸಿದ್ಧವಾಗಿದ್ದು, ಆತ ಇಲ್ಲಿಗೆ ಬಂದದ್ದು ಯೌವನದಲ್ಲಿ ಉದ್ಯೋಗ ಹುಡುಕಿಕೊಂಡಲ್ಲ, ತಂದೆಯ ಪೀಠಕ್ಕೆ ಉತ್ತರಾಧಿಕಾರಿಯಾಗಿ, ಬೆಳೆದ ಮಕ್ಕಳನ್ನು ಜೊತೆಗಿಟ್ಟುಕೊಂಡು. ಇಳಿವಯಸ್ಸನ್ನು ಹೊರದೇಶದಲ್ಲಿ ಕಳೆಯಬಹುದೇ ಎಂದು ಇಂದು ಯೋಚಿಸುವವರು ವೀಸಾ, ಪಿಂಚಣಿ, ಆಸ್ಪತ್ರೆ, ಮಕ್ಕಳು ಇರುವ ಊರು ಎಂಬ ನಾಲ್ಕಾರು ಸಂಗತಿಗಳನ್ನು ತೂಗಿ ನೋಡುತ್ತಾರೆ. 15ನೆಯ ಶತಮಾನದ ಇರಾನಿನ ಕವಿ, ವರ್ತಕ ಮತ್ತು ಸಂತರು ಬೀದರಿನ ವಿಷಯದಲ್ಲಿ ತೂಗಿ ನೋಡಿದ ಸಂಗತಿಗಳು ಇದಕ್ಕಿಂತ ತೀರ ಬೇರೆಯಾಗಿರಲಿಲ್ಲ. ಆದರೆ ಅವರ ಮಟ್ಟಿಗೆ ಬರುವುದು ಹೇಗೆಂಬುದಕ್ಕಿಂತ, ಬಂದ ಮೇಲೆ ಮರಳುವ ದಾರಿ ತೆರೆದಿರುತ್ತದೆಯೇ ಎಂಬುದೇ ಕಠಿಣವಾದ ಪ್ರಶ್ನೆಯಾಗಿತ್ತು.

1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಬೆಳೆದ ಬಹಮನಿ ರಾಜ್ಯವು ದೆಹಲಿಯಿಂದ ಸಿಡಿದು ಬೇರೆಯಾದದ್ದಾದ್ದರಿಂದ, ಆಡಳಿತಕ್ಕೆ, ಸೈನ್ಯಕ್ಕೆ ಮತ್ತು ವಿದ್ಯೆಗೆ ಬೇಕಾದ ಜನರನ್ನು ಉತ್ತರ ಭಾರತದಿಂದ ತರಿಸಿಕೊಳ್ಳುವ ದಾರಿ ಅದಕ್ಕೆ ಸುಗಮವಾಗಿರಲಿಲ್ಲ. ಪಶ್ಚಿಮ ಕರಾವಳಿಯ ದಾಭೋಳ, ಚೌಲ್ ಮೊದಲಾದ ಬಂದರುಗಳು ಪರ್ಷಿಯಾ ಕೊಲ್ಲಿಯ ಹೊರ್ಮುಜ್ ದ್ವೀಪದೊಡನೆ ಕುದುರೆ ವ್ಯಾಪಾರದ ಮೂಲಕ ಮೊದಲೇ ಬೆಸೆದುಕೊಂಡಿದ್ದವು. ಕುದುರೆ ಬಂದ ಹಡಗಿನಲ್ಲೇ ಮನುಷ್ಯರೂ ಬಂದರು. 1397ರಿಂದ 1422ರವರೆಗೆ ಆಳಿದ ಫಿರೂಜ್ ಶಾನು ವಿದ್ವಾಂಸರನ್ನೂ ಕುಶಲಿಗಳನ್ನೂ ಕರೆತರಲೆಂದೇ ವರ್ಷ ವರ್ಷವೂ ಹಡಗುಗಳನ್ನು ಕಳಿಸುತ್ತಿದ್ದನೆಂದು ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ಈ ಫರಿಷ್ತಾನ ಮಾತನ್ನು ಸ್ವಲ್ಪ ಜಾಗರೂಕತೆಯಿಂದಲೇ ಸ್ವೀಕರಿಸಬೇಕು, ಏಕೆಂದರೆ ಆತ ಬರೆದದ್ದು 17ನೆಯ ಶತಮಾನದ ಆರಂಭದಲ್ಲಿ, ಬಿಜಾಪುರದ ಆಶ್ರಯದಲ್ಲಿ. ಮೇಲಾಗಿ ಆತನೂ ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ದಖ್ಖನಿಗೆ ಬಂದು ಇಲ್ಲಿಯವನೇ ಆಗಿಹೋದವನು, ತನ್ನಂಥವರ ಕಥೆಯನ್ನು ತನ್ನಂಥವರ ಪಕ್ಷದಿಂದ ಹೇಳುವವನು.

ಹೀಗೆ ಬಂದವರನ್ನು ಅಂದಿನ ಬರಹಗಳು ಆಫಾಕಿಗಳು, ಅಂದರೆ ದಿಗಂತದಾಚೆಯವರು, ಎಂದೂ ಗರೀಬರು, ಅಂದರೆ ಪರದೇಶಿಗಳು, ಎಂದೂ ಕರೆದಿವೆ. ಇವರಿಗಿಂತ ಹಿಂದೆಯೇ ದೆಹಲಿಯ ಕಡೆಯಿಂದ ಬಂದು ನೆಲೆಸಿ ಇಲ್ಲಿಯ ಮಾತು, ಊಟ, ಸಂಬಂಧಗಳಿಗೆ ಹೊಂದಿಕೊಂಡಿದ್ದ ಮುಸಲ್ಮಾನ ಕುಟುಂಬಗಳಿಗೆ ದಖ್ಖನಿಗಳೆಂದು ಹೆಸರು. ಈ ಎರಡು ಗುಂಪುಗಳ ನಡುವಿನ ಪೈಪೋಟಿ ಬಹಮನಿ ಇತಿಹಾಸದ ಉದ್ದಕ್ಕೂ ಹರಿದು ಬಂದಿದ್ದು, ಬೀದರಿನಲ್ಲಿ ನೆಮ್ಮದಿಯ ಮುಪ್ಪನ್ನು ಬಯಸಿ ಬಂದವರ ಲೆಕ್ಕಾಚಾರಗಳನ್ನೆಲ್ಲ ತಲೆಕೆಳಗು ಮಾಡಿದ್ದು ಬಹುಮಟ್ಟಿಗೆ ಇದೇ.

ಮುಪ್ಪಿನಲ್ಲಿ ವಲಸೆ ಬಂದ ಸಂತರ ಪರಂಪರೆ ಬೀದರಿಗಿಂತ ಮೊದಲು ಕಲಬುರಗಿಯಲ್ಲೇ ಆರಂಭವಾಗಿತ್ತು. ಖ್ವಾಜಾ ಬಂದೇನವಾಜರೆಂದು ಇಂದಿಗೂ ಮನೆಮಾತಾಗಿರುವ ಸೈಯದ್ ಮುಹಮ್ಮದ್ ಗೇಸೂದರಾಜರು 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿಯನ್ನು ಬಿಟ್ಟು ಹೊರಟಾಗ ಅವರಿಗೆ 80ರ ಹತ್ತಿರ ವಯಸ್ಸು. ಬಾಲ್ಯವನ್ನು ದೌಲತಾಬಾದಿನಲ್ಲಿ ಕಳೆದಿದ್ದ ಅವರಿಗೆ ದಖ್ಖನ್ ಅಪರಿಚಿತವಲ್ಲದಿದ್ದರೂ, ಆ ಪ್ರಾಯದಲ್ಲಿ ಕಲಬುರಗಿಗೆ ಬಂದು ಮತ್ತೆ ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಿ, ಬೋಧಿಸಿ, 1422ರಲ್ಲಿ ನೂರು ದಾಟಿದ ಮೇಲೆ ತೀರಿಕೊಂಡದ್ದು ವಿರಳವಾದ ಸಂಗತಿ. ಆ ವರ್ಷವೇ ಪಟ್ಟಕ್ಕೆ ಬಂದ ಒಂದನೆಯ ಅಹ್ಮದ್ ಶಾನು ಅವರಲ್ಲಿ ಭಕ್ತಿಯುಳ್ಳವನಾಗಿದ್ದನು. ಆತ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿದ ಮೇಲೆ, ಹೊಸ ಊರಿಗೆ ಕಲಬುರಗಿಯ ದರ್ಗಾದ ಸಮಕ್ಕೆ ನಿಲ್ಲುವ ಒಬ್ಬ ಗುರು ಬೇಕೆನಿಸಿರಬೇಕು. ಹಾಗಾಗಿ ಆತನ ದೃಷ್ಟಿ ಸಮುದ್ರದಾಚೆಗೆ ಹರಿಯಿತು.

ಅಹ್ಮದ್ ಶಾನು ಆರಿಸಿಕೊಂಡ ಗುರು ಶಾ ನಿಅಮತುಲ್ಲಾ ವಲಿ. ಸಿರಿಯಾದ ಅಲೆಪ್ಪೊದಲ್ಲಿ 1330ರ ಸುಮಾರಿಗೆ ಹುಟ್ಟಿ, ಮಧ್ಯ ಏಷ್ಯಾವನ್ನೆಲ್ಲ ಸುತ್ತಿ, ಕೊನೆಗೆ ಕಿರ್ಮಾನಿನ ಬಳಿಯ ಮಾಹಾನ್ ಎಂಬ ಊರಿನಲ್ಲಿ ನೆಲೆನಿಂತ ಈ ಸೂಫಿಯೂ ಹುಟ್ಟೂರನ್ನು ಬಿಟ್ಟು ಬೇರೆಡೆ ಕೊನೆಗಾಲವನ್ನು ಕಳೆದವನೇ. ಬೀದರಿನಿಂದ ಕಾಣಿಕೆಗಳೊಂದಿಗೆ ದೂತರು ಹೋದಾಗ ಆತ 90 ದಾಟಿದ್ದನು; ಆ ವಯಸ್ಸಿನವನನ್ನು ಮರಳುಗಾಡು ಮತ್ತು ಸಮುದ್ರಗಳನ್ನು ದಾಟಿ ಬರಬೇಕೆಂದು ಕೇಳುವ ರಾಜನ ಧೈರ್ಯವನ್ನು ಮೆಚ್ಚಬೇಕೋ ನಗಬೇಕೋ ತಿಳಿಯದು. ಆತ ತಾನು ಬರಲಿಲ್ಲ, ಬದಲಿಗೆ ಹನ್ನೆರಡು ಪಟ್ಟಿಗಳ ಹಸಿರು ಟೊಪ್ಪಿಗೆಯನ್ನೂ, ಸುಲ್ತಾನನನ್ನು ವಲಿ, ಅಂದರೆ ದೇವರಿಗೆ ಆಪ್ತನಾದವನು, ಎಂದು ಸಂಬೋಧಿಸಿದ ಪತ್ರವನ್ನೂ ಕಳಿಸಿದನು. ಮಗನನ್ನಾದರೂ ಕಳಿಸಿಕೊಡಬೇಕೆಂದು ಎರಡನೆಯ ಬಾರಿ ಕೇಳಿದಾಗ, ಇದ್ದ ಒಬ್ಬನೇ ಮಗನನ್ನು ಅಗಲಲಾರದೆ ಮೊಮ್ಮಗ ನೂರುಲ್ಲಾನನ್ನು ಕಳಿಸಿಕೊಟ್ಟನು. ಸುಲ್ತಾನನು ಈ ತರುಣನನ್ನು ಆದರದಿಂದ ಬರಮಾಡಿಕೊಂಡು, ಮಲಿಕುಲ್ ಮಶಾಯಿಖ್, ಅಂದರೆ ಗುರುಗಳ ಅರಸು, ಎಂಬ ಬಿರುದನ್ನು ಕೊಟ್ಟು, ಇತರ ಸಂತರ ವಂಶದವರಿಗಿಂತ ಮೇಲಿನ ಸ್ಥಾನದಲ್ಲಿ ಕೂರಿಸಿ, ತನ್ನ ಮಗಳನ್ನೂ ಕೊಟ್ಟು ಮದುವೆ ಮಾಡಿದನು.

1431ರಲ್ಲಿ ಶಾ ನಿಅಮತುಲ್ಲಾ ತೀರಿಕೊಂಡ ನಂತರ ಮಗ ಖಲೀಲುಲ್ಲಾ ಹೊರಡಲು ಮನಸ್ಸು ಮಾಡಿದ್ದಕ್ಕೆ ಬೀದರಿನ ಕರೆ ಮಾತ್ರವೇ ಕಾರಣವಲ್ಲ. ಇರಾನನ್ನು ಆಗ ತೈಮೂರನ ಮಗ ಶಾರುಖ್ ಹೆರಾತಿನಿಂದ ಆಳುತ್ತಿದ್ದನು; 1427ರಲ್ಲಿ ಹೆರಾತಿನ ಮಸೀದಿಯಲ್ಲಿ ಆತನ ಮೇಲೆ ಕೊಲೆಯತ್ನ ನಡೆದ ಮೇಲೆ, ದೊಡ್ಡ ಶಿಷ್ಯವರ್ಗವನ್ನು ಕಟ್ಟಿಕೊಂಡ ಸೂಫಿ ಗುರುಗಳ ಬಗ್ಗೆ ಅರಮನೆಗೆ ಅನುಮಾನ ಬೆಳೆದು, ಕೆಲವರು ಊರು ಬಿಡಬೇಕಾಗಿ ಬಂದಿತ್ತು. ಖಲೀಲುಲ್ಲಾನನ್ನೂ ಹೆರಾತಿಗೆ ಕರೆಸಿಕೊಳ್ಳಲಾಯಿತು. ಅಲ್ಲಿಂದ ಮರಳಿದ ಆತ ಒಬ್ಬ ಮಗನನ್ನು ಮಾಹಾನಿನ ಖಾನ್ಕಾದ, ಅಂದರೆ ಸೂಫಿ ಮಠದ, ಉಸ್ತುವಾರಿಗೆ ಬಿಟ್ಟು, ಹಬೀಬುಲ್ಲಾ ಮತ್ತು ಮುಹಿಬ್ಬುಲ್ಲಾ ಎಂಬ ಇನ್ನಿಬ್ಬರು ಮಕ್ಕಳೊಂದಿಗೆ ದಖ್ಖನಿಗೆ ಬಂದನು. ಊರಿನ ಮನೆಗೆ ಒಬ್ಬನನ್ನು ಇಟ್ಟು ಉಳಿದವರು ಹೊರಟ ಈ ಏರ್ಪಾಡು ಮರಳುವ ದಾರಿಯನ್ನು ತೆರೆದಿಟ್ಟುಕೊಳ್ಳಲೆಂದು ಮಾಡಿದ್ದಿರಬಹುದು, ಆದರೆ ಮಕ್ಕಳಿಬ್ಬರೂ ರಾಜವಂಶದ ಅಳಿಯಂದಿರಾದ ಮೇಲೆ ಆ ದಾರಿಯಲ್ಲಿ ಹಿಂದಿರುಗುವ ಪ್ರಮೇಯವೇ ಉಳಿಯಲಿಲ್ಲ. ಇಂದಿನವರ ಭಾಷೆಯಲ್ಲಿ ಹೇಳುವುದಾದರೆ ಬಹಮನಿ ಬೀದರಿನಲ್ಲಿ ವಾಸದ ಪರವಾನಗಿ ಎಂಬುದು ಆಮಂತ್ರಣದಿಂದ ಆರಂಭವಾಗಿ ಮದುವೆಯಿಂದ ಕಾಯಂ ಆಗುತ್ತಿತ್ತು, ಮತ್ತು ಆ ಪರವಾನಗಿಯ ಜೊತೆಗೆ ಅರಮನೆಯ ರಾಜಕೀಯವೂ ಕಡ್ಡಾಯವಾಗಿ ಬರುತ್ತಿತ್ತು. ಹಬೀಬುಲ್ಲಾನು ಮುಂದೆ ಸುಲ್ತಾನ್ ಹುಮಾಯೂನನ ವಿರುದ್ಧ ಎದ್ದ ರಾಜಕುಮಾರನೊಬ್ಬನ ಪಕ್ಷ ವಹಿಸಿ 1460ರಲ್ಲಿ ಪ್ರಾಣ ಕಳೆದುಕೊಂಡನು.

ಚೌಖಂಡಿಯ ರಚನೆಯನ್ನು ಹತ್ತಿರದಿಂದ ನೋಡಿದರೆ ಈ ಕುಟುಂಬಕ್ಕೆ ಸಿಕ್ಕ ಮನ್ನಣೆಯ ಪ್ರಮಾಣ ತಿಳಿಯುತ್ತದೆ. ಹೊರಗೆ ಎಂಟು ಮೂಲೆಗಳ, ಎರಡು ಅಂತಸ್ತಿನ ಕಮಾನುಗಳ ಗೋಡೆಯೊಂದು ಆವರಣದಂತೆ ಸುತ್ತುವರಿದಿದ್ದು, ಅದರ ಒಳಗೆ ಆಕಾಶಕ್ಕೆ ತೆರೆದ ಅಂಗಳದ ನಡುವೆ ಚೌಕವಾದ ಗೋರಿಮನೆ ಬೇರೆಯಾಗಿ ನಿಂತಿದೆ. ಹೊರಗಿನ ಗೋಡೆಗೆ ಒಮ್ಮೆ ಬಣ್ಣದ ಹೆಂಚುಬಿಲ್ಲೆಗಳ ಹೊದಿಕೆಯಿತ್ತೆಂಬುದನ್ನು ಉಳಿದಿರುವ ತುಣುಕುಗಳು ತೋರಿಸುತ್ತವೆ. ಒಳಬಾಗಿಲ ಮೇಲಿನ ಕಪ್ಪು ಕಲ್ಲಿನಲ್ಲಿ ಸುಲುಸ್ ಎಂಬ ನೀಳವಾದ ಅರಬ್ಬಿ ಬರವಣಿಗೆಯ ಶೈಲಿಯಲ್ಲಿ ಬಳ್ಳಿ ಹೂಗಳ ನಡುವೆ ಕೊರೆದ ಶಾಸನವಿದ್ದು, ಅದನ್ನು ಬರೆದವನು ಶಿರಾಜಿನ ಮುಘೀಸ್. ಕಿರ್ಮಾನಿನ ಗುರುವಿಗೆ ಶಿರಾಜಿನ ಲಿಪಿಕಾರ ಬೀದರಿನ ಕಲ್ಲಿನಲ್ಲಿ ಬರೆದನೆಂದರೆ, ಸತ್ತವನಿಗೂ ಬರೆದವನಿಗೂ ಇದು ಪರಸ್ಥಳವೇ. ಇದೇ ಹೊತ್ತಿಗೆ ಹಣ ವಿರುದ್ಧ ದಿಕ್ಕಿನಲ್ಲೂ ಹರಿಯಿತು. ಮಾಹಾನಿನಲ್ಲಿ ಶಾ ನಿಅಮತುಲ್ಲಾನ ಸಮಾಧಿಯ ಮೇಲೆ ಗುಮ್ಮಟ ಕಟ್ಟಲು ಅಪ್ಪಣೆ ಕೊಟ್ಟು ವೆಚ್ಚ ಭರಿಸಿದವನು ಅಹ್ಮದ್ ಶಾ. ಆತ 1436ರಲ್ಲಿ ತೀರಿಕೊಂಡದ್ದರಿಂದ ಆ ಕೆಲಸ ಮುಗಿದದ್ದು ಮಗ ಅಲಾವುದ್ದೀನನ ಕಾಲದಲ್ಲಿ. ಬೀದರಿನ ಬೊಕ್ಕಸದ ಹಣದಿಂದ ಎದ್ದ ಆ ಗುಮ್ಮಟ ಇಂದಿಗೂ ಇರಾನಿನ ಯಾತ್ರಾಸ್ಥಳಗಳಲ್ಲೊಂದು.

ಅದೇ ಆಸ್ಥಾನಕ್ಕೆ ಬಂದು, ಮಾನ ಮತ್ತು ಹಣ ಎರಡನ್ನೂ ಪಡೆದು, ಸಮಯವರಿತು ಊರಿಗೆ ಮರಳಿದ ಜಾಣನೊಬ್ಬನ ಕಥೆಯೂ ಇದೆ. ಖುರಾಸಾನಿನ ಇಸ್ಫರಾಯಿನ್ ಎಂಬಲ್ಲಿಯ ಕವಿ ಶೇಖ್ ಆಜರಿಯು ಹಜ್ ಯಾತ್ರೆಯನ್ನು ಮುಗಿಸಿ ದಖ್ಖನಿಗೆ ಬಂದು, ಅಹ್ಮದ್ ಶಾನ ಅಪ್ಪಣೆಯಂತೆ ಬಹಮನಿ ವಂಶದ ಚರಿತ್ರೆಯನ್ನು ಪದ್ಯರೂಪದಲ್ಲಿ ಬಹಮನ್‌ನಾಮಾ ಎಂಬ ಹೆಸರಿನಿಂದ ಬರೆಯತೊಡಗಿದನು. ಬೀದರ ಕೋಟೆಯಲ್ಲಿ ಹೊಸ ಅರಮನೆ ಎದ್ದಾಗ ಅದನ್ನು ಹೊಗಳಿ ಆತ ರಚಿಸಿದ ದ್ವಿಪದಿಗಳನ್ನು ಬಾಗಿಲ ಮೇಲೆ ಕೆತ್ತಿಸಲಾಯಿತು. ಅವನ್ನು ಕಂಡು ಹಿಗ್ಗಿದ ಸುಲ್ತಾನನು 40,000 ಟಂಕ, ಅಂದರೆ ಬೆಳ್ಳಿ ನಾಣ್ಯ, ಕೊಡಿಸಿದಾಗ, ಇಷ್ಟು ಭಾರವನ್ನು ತಮ್ಮ ಲಾಯದ ಪಶುಗಳೇ ಹೊರಬೇಕಲ್ಲದೆ ತನ್ನಿಂದಾಗದು ಎಂಬ ಅರ್ಥದ ಮಾತನ್ನಾಡಿ ಆಜರಿ ಸಾಗಣೆಯ ವೆಚ್ಚಕ್ಕೆಂದು ಮತ್ತೆ 20,000 ಟಂಕ ಗಳಿಸಿದನೆಂದು ಫರಿಷ್ತಾ ಹೇಳುತ್ತಾನೆ. ಮೊತ್ತಗಳು ಉತ್ಪ್ರೇಕ್ಷೆಯಾಗಿರಬಹುದಾದರೂ, ಕವಿ ಸಾಗಣೆಯ ವೆಚ್ಚವನ್ನು ಮೊದಲು ನೆನೆದದ್ದು ಕಥೆಯ ಮುಖ್ಯಾಂಶ. ಆತನ ಲೆಕ್ಕವೆಲ್ಲ ಊರಿನ ಕಡೆಗೇ ಇತ್ತು. ಅಪ್ಪಣೆ ಪಡೆದು ಇಸ್ಫರಾಯಿನಿಗೆ ಹಿಂದಿರುಗಿದ ಆಜರಿ, ಕೊಟ್ಟ ಮಾತಿನಂತೆ ಅಲ್ಲಿಂದಲೇ ಬಹಮನ್‌ನಾಮಾವನ್ನು ಮುಂದುವರಿಸಿ ಆಗಾಗ ಬೀದರಿಗೆ ಕಳಿಸುತ್ತಿದ್ದನಂತೆ. ಮುಂದಿನ ಸುಮಾರು ಮೂರು ದಶಕ ಆತ ಅರಸರ ಬಾಗಿಲಿಗೆ ಹೋಗದೆ ಧ್ಯಾನದಲ್ಲಿ ಕಳೆದು, 80 ದಾಟಿದ ಮೇಲೆ 1462ರ ಸುಮಾರಿಗೆ ತೀರಿಕೊಂಡನು. ಕಾವ್ಯವನ್ನು ಬೇರೆ ಕವಿಗಳು ವಂಶದ ಕೊನೆಯವರೆಗೂ ಬೆಳೆಸಿದರೂ ಅದು ಉಳಿದುಬಂದಿಲ್ಲ. ಹೊರನಾಡಿನಲ್ಲಿ ದುಡಿದು ತಾಯ್ನಾಡಿನಲ್ಲಿ ವಿರಮಿಸುವ ಪದ್ಧತಿಗೆ ಬೀದರಿನ ಇತಿಹಾಸದಲ್ಲಿ ಇದಕ್ಕಿಂತ ಯಶಸ್ವಿಯಾದ ಉದಾಹರಣೆ ದೊರೆಯುವುದಿಲ್ಲ.

ಆಜರಿಗೆ ದೊರೆತ ಭಾಗ್ಯ ಮಹಮೂದ್ ಗಾವಾನನಿಗೆ ದೊರೆಯಲಿಲ್ಲ, ಮತ್ತು ದೊರೆಯದಿರಲು ಕಾರಣ ಬೀದರಿನಲ್ಲಿ ಅಲ್ಲ, ಆತನ ಊರಾದ ಗೀಲಾನಿನಲ್ಲಿ ಇತ್ತು. ಕ್ಯಾಸ್ಪಿಯನ್ ತೀರದ ಆ ಸೀಮೆಯ ಮಂತ್ರಿ ಮನೆತನದಲ್ಲಿ 1411ರಲ್ಲಿ ಹುಟ್ಟಿದ ಆತ ಆಸ್ಥಾನದ ಹಗೆತನಕ್ಕೆ ಅಂಜಿ ಊರು ಬಿಟ್ಟು, ವರ್ತಕನಾಗಿ ಹಲವು ದೇಶ ಸುತ್ತಿ, 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದಾಗ ನಡುವಯಸ್ಸು ದಾಟಿದ್ದನು. ಬೀದರಿನಲ್ಲಿ ಖಲೀಲುಲ್ಲಾನ ಮಗ ಮುಹಿಬ್ಬುಲ್ಲಾನ ದರ್ಶನ ಪಡೆದು ಅಲ್ಲಿಂದ ದೆಹಲಿಗೆ ಹೋಗುವುದು ಆತನ ಯೋಜನೆಯಾಗಿತ್ತು; ಎರಡನೆಯ ಅಲಾವುದ್ದೀನ್ ಅಹ್ಮದ್ ಶಾನು ಆತನನ್ನು ಇಲ್ಲಿಯೇ ನಿಲ್ಲಿಸಿಕೊಂಡು ಅಧಿಕಾರವನ್ನು ಕೊಟ್ಟನು. ಮುಂದಿನ 28 ವರ್ಷಗಳಲ್ಲಿ ಆತ ಪ್ರಧಾನಮಂತ್ರಿಯಾಗಿ ಏರಿ, 1472ರಲ್ಲಿ ಗೋವೆಯನ್ನು ಗೆದ್ದು, ಅದೇ ಹೊತ್ತಿಗೆ ಬೀದರಿನಲ್ಲಿ ಖುರಾಸಾನಿನ ವಿದ್ಯಾಲಯಗಳ ಮಾದರಿಯ ಮದರಸಾವನ್ನು ಕಟ್ಟಿಸಿದ ಸಂಗತಿ ಶಾಲಾಪುಸ್ತಕಗಳಲ್ಲೂ ಇದೆ.

ಆದರೆ ಇಲ್ಲಿ ಗಮನಿಸಬೇಕಾದದ್ದು ಆತನ ಹಣಕಾಸಿನ ಕ್ರಮ. ಊರಿನಿಂದ ತಂದ 40,000 ಲಾರಿ ಬಂಡವಾಳವನ್ನು ಆತ ಬೊಕ್ಕಸದ ಆದಾಯದೊಂದಿಗೆ ಬೆರೆಸದೆ ಕೊನೆಯವರೆಗೂ ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಿಂದಲೇ ತನ್ನ ಊಟ ಬಟ್ಟೆಗಳ ಖರ್ಚನ್ನು ನಡೆಸುತ್ತಿದ್ದನೆಂದು ಫರಿಷ್ತಾ ತಿಳಿಸುತ್ತಾನೆ. ಲಾರಿ ಎಂಬುದು ಇರಾನಿನ ಲಾರ್ ಎಂಬ ಊರಿನ ಹೆಸರಿನ, ಬೆಳ್ಳಿ ತಂತಿಯನ್ನು ಮಡಿಚಿ ಅಚ್ಚೊತ್ತಿದ ನಾಣ್ಯ. ಹೊರ್ಮುಜಿನಿಂದ ಕೊಂಕಣದವರೆಗೆ ವರ್ತಕರು ಅದನ್ನು ನೆಚ್ಚುತ್ತಿದ್ದರು. ಅಂದರೆ ಗಾವಾನನು ಮಂತ್ರಿಪದವಿಯನ್ನು ನಂಬಿ ಬಾಳಿದವನಲ್ಲ, ಯಾವ ಬಂದರಿನಲ್ಲಾದರೂ ಚಲಾವಣೆಯಾಗುವ ಬೆಳ್ಳಿಯನ್ನು ಬೇರೆಯಾಗಿಟ್ಟುಕೊಂಡು ಬಾಳಿದವನು. ಆತನ ಪತ್ರಗಳ ಸಂಗ್ರಹವಾದ ರಿಯಾಜುಲ್ ಇನ್ಶಾದಲ್ಲಿ ಗೀಲಾನಿನ ಅರಸನಿಗೂ, ಮಕ್ಕಳಿಗೂ ಬರೆದ ಪತ್ರಗಳಿದ್ದು, ಊರಿನೊಡನೆ ಆತನ ನಂಟು ಹರಿದಿರಲಿಲ್ಲವೆಂಬುದಕ್ಕೆ ಅವೇ ಸಾಕ್ಷಿ. ಇರಾನಿನ ಜ್ಞಾನಿಗಳನ್ನು ಬೀದರಿಗೆ ಕರೆಯುವ ಕೆಲಸವನ್ನೂ ಆತ ಮಾಡಿದನು. ಹೆರಾತಿನ ಮಹಾಕವಿ ಜಾಮಿಗೆ ಕರೆ ಹೋಯಿತು, ಆದರೆ ಜಾಮಿ ಪತ್ರವ್ಯವಹಾರವನ್ನು ಆದರದಿಂದ ನಡೆಸಿದನೇ ಹೊರತು ಹೆರಾತನ್ನು ಬಿಡಲಿಲ್ಲ.

ಜಾಮಿಯ ನಿರ್ಧಾರ ಸರಿಯಾಗಿತ್ತೆಂಬುದನ್ನು ಕಾಲವೇ ತೋರಿಸಿತು. 15ನೆಯ ಶತಮಾನದ ನಡುಭಾಗದಲ್ಲಿ, ಗಾವಾನನು ಬರುವ ಕೆಲವು ವರ್ಷಗಳ ಮೊದಲೇ, ಕೊಂಕಣದ ಕಾಳಗವೊಂದರಲ್ಲಿ ಸೋತು ಪುಣೆಯ ಬಳಿಯ ಚಾಕಣ ಕೋಟೆಯನ್ನು ಹೊಕ್ಕ ಆಫಾಕಿ ಸೈನಿಕರನ್ನು ದಖ್ಖನಿ ಪಕ್ಷದವರು ಸುಳ್ಳು ದೂರಿನ ಆಧಾರದ ಮೇಲೆ ಕೊಲ್ಲಿಸಿದ್ದರು. ಆ ಕಾಳಗದಲ್ಲೇ ಮಡಿದ ದಂಡನಾಯಕ ಬಸ್ರಾದ ಖಲಫ್ ಹಸನನು ಮೂಲತಃ ವರ್ತಕ. ಅಹ್ಮದ್ ಶಾನನ್ನು ಪಟ್ಟಕ್ಕೇರಿಸಲು ನೆರವಾಗಿ, ವರ್ತಕರ ದೊರೆ ಎಂಬ ಅರ್ಥದ ಮಲಿಕುತ್ತುಜ್ಜಾರ್ ಬಿರುದನ್ನು ಪಡೆದು, ಅದರೊಂದಿಗೆ ಕತ್ತಿ ಹಿಡಿಯುವ ಹೊಣೆಯನ್ನೂ ಹೊತ್ತವನು. ಅದೇ ಬಿರುದು ಗಾವಾನನಿಗೂ ಬಂತು. 1481ರಲ್ಲಿ, ಆತನ ಮುದ್ರೆಯಿದ್ದ ಖಾಲಿ ಕಾಗದವೊಂದರ ಮೇಲೆ ಒರಿಸ್ಸಾದ ಅರಸನಿಗೆ ದಾಳಿ ಮಾಡಲು ಆಹ್ವಾನಿಸುವ ಪತ್ರವನ್ನು ವಿರೋಧಿಗಳು ಸೃಷ್ಟಿಸಿ ಮೂರನೆಯ ಮುಹಮ್ಮದ್ ಶಾನಿಗೆ ತೋರಿಸಿದಾಗ, ವಿಚಾರಣೆಯೇ ಇಲ್ಲದೆ ಏಪ್ರಿಲ್ 5ರಂದು ಕೊಂಡಪಲ್ಲಿಯ ಶಿಬಿರದಲ್ಲಿ 70ರ ಪ್ರಾಯದ ಆ ಮಂತ್ರಿಯ ತಲೆ ಕಡಿಯಲಾಯಿತು. ದೇಹವನ್ನು ಬೀದರಿಗೆ ತಂದು ಹೂಳಿದ್ದು ಅಷ್ಟೂರಿನಲ್ಲಲ್ಲ, ನಗರದ ಇನ್ನೊಂದು ಕಡೆಯ ಗೋರ್ನಳ್ಳಿಯ ಬಳಿ, ಗುಮ್ಮಟವಿಲ್ಲದ ಸರಳವಾದ ಸ್ಥಳದಲ್ಲಿ. ಹಬೀಬುಲ್ಲಾನೊಬ್ಬನನ್ನು ಬಿಟ್ಟರೆ, ಸಂತನ ಮನೆತನಕ್ಕೆ ಮದುವೆ ಕೊಟ್ಟ ಭದ್ರತೆಯನ್ನು ವರ್ತಕನಿಗೆ ಬೆಳ್ಳಿ ಕೊಡಲಾರದೆ ಹೋಯಿತು. ಸುಲ್ತಾನನು ಪಶ್ಚಾತ್ತಾಪಪಟ್ಟನೆಂಬ ಮಾತಿನಿಂದ ಆ ಲೆಕ್ಕ ಬದಲಾಗುವುದಿಲ್ಲ.

ಗಾವಾನನ ಅಧಿಕಾರದ ಕಾಲದಲ್ಲಿಯೇ, 1470ರ ಆಸುಪಾಸಿನಲ್ಲಿ, ರಷ್ಯಾದ ತ್ವೇರ್ ಎಂಬ ಊರಿನ ವರ್ತಕ ಅಫನಾಸಿ ನಿಕಿತಿನ್ ಒಂದು ಗಂಡುಕುದುರೆಯೊಂದಿಗೆ ಬೀದರಿಗೆ ಬಂದು ಅದನ್ನು ಇಲ್ಲಿ ಮಾರಿದನು. ನಾಡನ್ನು ನಡೆಸುವವರು ಖುರಾಸಾನಿಗಳೆಂದು ಬರೆದಿಟ್ಟ ಈತನಿಗೆ ಮತಾಂತರವಾದರೆ ಕಿತ್ತುಕೊಂಡ ಕುದುರೆಯನ್ನು ಮರಳಿಸುವುದಾಗಿ, ಬೀದರಿಗೆ ಬರುವ ದಾರಿಯಲ್ಲಿ ಒಬ್ಬ ಅಧಿಕಾರಿ ಒತ್ತಾಯ ಹೇರಿದ್ದೂ, ಖುರಾಸಾನಿಯೊಬ್ಬನ ನೆರವಿನಿಂದಲೇ ಅದರಿಂದ ಪಾರಾದದ್ದೂ ಆತನ ಟಿಪ್ಪಣಿಗಳಲ್ಲಿದೆ. ಹಬ್ಬಗಳ ದಿನ ಮರೆತುಹೋಯಿತೆಂದು ಹಲುಬುತ್ತ ಊರಿಗೆ ಹೊರಟ ನಿಕಿತಿನ್, ಸ್ಮೊಲೆನ್ಸ್ಕ್ ತಲುಪುವ ಮುನ್ನವೇ ದಾರಿಯಲ್ಲಿ ಸತ್ತನು.

ರಾಜ್ಯ ಒಡೆದು ಹೋದ ಮೇಲೆ ಅಷ್ಟೂರಿಗೆ ಉಳಿದದ್ದು ಗೋರಿಗಳು ಮತ್ತು ಅವುಗಳ ಸುತ್ತ ಬೆಳೆದ ಆಚರಣೆ. ಒಂದನೆಯ ಅಹ್ಮದ್ ಶಾನ ಗುಮ್ಮಟದ ಒಳಗೋಡೆಗಳು ಕೆಂಪು, ನೀಲಿ, ಚಿನ್ನದ ಬಣ್ಣಗಳ ಚಿತ್ತಾರದಿಂದ ತುಂಬಿದ್ದು, ಅವುಗಳ ನಡುವೆ ಶಾ ನಿಅಮತುಲ್ಲಾನ ಪದ್ಯಗಳನ್ನೂ ಆತನ ಪಂಥದ ಗುರುಪರಂಪರೆಯ ಪಟ್ಟಿಗಳನ್ನೂ ಬರೆಯಲಾಗಿದೆ. ಬೀದರಿಗೆ ಕಾಲಿಡದ ಗುರು ಈ ಗೋಡೆಗಳ ಮೇಲೆ ನೆಲೆಸಿದ್ದಾನೆ. ಆದರೆ ಇಲ್ಲಿ ವರ್ಷಕ್ಕೊಮ್ಮೆ ನಡೆಯುವ ಉರುಸು ಹಿಜರಿ ಪಂಚಾಂಗವನ್ನು ಅನುಸರಿಸದೆ ಹೋಳಿಹುಣ್ಣಿಮೆಯ ಲೆಕ್ಕದಲ್ಲಿ ಬರುತ್ತದೆ, ಜನ ಅದನ್ನು ಅಷ್ಟೂರ ಜಾತ್ರೆ ಎನ್ನುತ್ತಾರೆ, ಸುಲ್ತಾನನನ್ನು ಅಲ್ಲಮಪ್ರಭುವಿನ ರೂಪವೆಂದು ಲಿಂಗಾಯತ ಭಕ್ತರು ನಂಬುತ್ತಾರೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಶಿಷ್ಯರೊಂದಿಗೆ ಬಂದು ಪೂಜೆ ಸಲ್ಲಿಸುವುದನ್ನೂ, ಶಂಖ ಊದಿ ತೆಂಗಿನಕಾಯಿ ಒಡೆಯುವುದನ್ನೂ, ನಿಜಾಮರ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ ಕುರಿತ ಗ್ರಂಥದಲ್ಲಿ ದಾಖಲಿಸಿದ್ದಾರೆ. ಇರಾನಿನ ಗುರುವನ್ನು ಹಂಬಲಿಸಿದ ಸುಲ್ತಾನನನ್ನು ನಾಡಿನ ಜನ ತಮ್ಮ ಗುರುವನ್ನಾಗಿ ಮಾಡಿಕೊಂಡರು, ಚೌಖಂಡಿಯ ಖಲೀಲುಲ್ಲಾನಿಗೆ ಇಷ್ಟು ಜನಪ್ರಿಯತೆ ದಕ್ಕಲಿಲ್ಲ. ನೆಲೆಸಿದವನ ಮುಂದಿನ ಪೀಳಿಗೆಗಳು ಅರಮನೆಗೆ ಹತ್ತಿರವಾದಷ್ಟೂ ಊರಿಗೆ ದೂರವಾದದ್ದೇ ಇದಕ್ಕೆ ಕಾರಣವೆಂದು ತೋರುತ್ತದೆ.

ಇಂದು ಬೀದರ ಸೀಮೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರ ದಾರಿ ಹೆಚ್ಚು ಕಡಿಮೆ ಆ ಹಳೆಯ ಸಮುದ್ರಮಾರ್ಗದ ಹಿಮ್ಮುಖ ದಾರಿ. ಆದರೆ ಅಲ್ಲಿಯ ವಾಸವು ಕೆಲಸಕ್ಕೆ ಕಟ್ಟುಬಿದ್ದಿರುವುದರಿಂದ ಕೆಲಸ ಮುಗಿದ ಮೇಲೆ ಊರಿಗೆ ಮರಳುವುದೇ ನಿಯಮ, ಮತ್ತು ಸಂಯುಕ್ತ ಅರಬ್ ಸಂಸ್ಥಾನವು 55 ದಾಟಿದ ವಿದೇಶಿಯರಿಗೆಂದು 2018ರಲ್ಲಿ ಘೋಷಿಸಿದ ನಿವೃತ್ತಿ ವೀಸಾ ಸಾಕಷ್ಟು ಉಳಿತಾಯ, ಆಸ್ತಿ ಅಥವಾ ಆದಾಯ ಉಳ್ಳವರಿಗೆ ಮಾತ್ರ ಎಟುಕುವಂಥದ್ದು. ಅವರೆಲ್ಲ ಇಷ್ಟವಿದ್ದರೂ ಇಲ್ಲದಿದ್ದರೂ ಆಜರಿಯ ದಾರಿಯವರು.

ಖಲೀಲುಲ್ಲಾನ ದಾರಿಗೆ ಸಿಕ್ಕ ಉತ್ತರಾರ್ಧ ಬಹಳ ತಡವಾಗಿ ಬಂತು. ಮಾಹಾನಿನಲ್ಲಿ ಹುಟ್ಟಿದ ನಿಅಮತುಲ್ಲಾಹಿ ಪಂಥದ ಮುಖ್ಯ ಪೀಠವು ಆತನೊಂದಿಗೆ ದಖ್ಖನಿಗೆ ಬಂದು ಇಲ್ಲಿಯೇ ಉಳಿದು, ಇರಾನಿನಲ್ಲಿ ಪಂಥ ಕ್ಷೀಣಿಸಿದ ಮೇಲೂ ಇಲ್ಲಿ ಗುರುವಿನಿಂದ ಗುರುವಿಗೆ ಸಾಗುತ್ತ ಹೈದರಾಬಾದಿಗೆ ಸರಿಯಿತು. 1770ರ ದಶಕದಲ್ಲಿ, ಅಂದರೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ದಖ್ಖನಿನ ಗುರು ಶಾ ಅಲಿ ರಜಾನು ತನ್ನ ಶಿಷ್ಯ ಮಾಸೂಮ್ ಅಲಿ ಶಾನನ್ನು ಇರಾನಿಗೆ ಕಳಿಸಿದನು. ಶಿರಾಜಿಗೆ ಬಂದಿಳಿದ ಈ ದಖ್ಖನಿ ಫಕೀರನ ಸುತ್ತ ಸಾವಿರಾರು ಜನ ಸೇರಿದರು, ಮೌಲ್ವಿಗಳ ಮತ್ತು ಅಧಿಕಾರಿಗಳ ಹಗೆ ಬೆಳೆಯಿತು, ಕೊನೆಗೆ ಆತ ಕಿರ್ಮಾನ್‌ಶಾ ಪಟ್ಟಣದಲ್ಲಿ ಕೊಲೆಯಾದನು. ಆದರೆ ಇರಾನಿನ ಇಂದಿನ ನಿಅಮತುಲ್ಲಾಹಿ ಶಾಖೆಗಳು ತಮ್ಮ ಗುರುಪರಂಪರೆಯನ್ನು ಹೇಳುವಾಗ ಮಾಹಾನಿನಿಂದ ಆರಂಭಿಸಿ, ಬೀದರ ಹೈದರಾಬಾದುಗಳ ಹೆಸರುಗಳನ್ನು ದಾಟಿಯೇ ಮತ್ತೆ ಶಿರಾಜಿಗೆ ಬರುತ್ತವೆ.